ಅಜ್ಜನ ಕೆಮ್ಮು

ಕೂತು ಕುಡಿಯುವವನಿಗೆ ಕುಡಿಕೆ ಹೆಂಡವೂ ಸಾಲದು ಎಂದು ದೊಡ್ಡವರು ಹೇಳಿದ್ದಾರೆ. ಅವರು ಹೇಳಿದ್ದು ಹೀಗಲ್ಲ, ಹೊನ್ನಿನ ಮಾತಿಗೆ ಹೆಂಡ ಸುರಿಯಬೇಡ ಎಂದು ನೀವು ಮೂಗು ಮುರಿಯಬಹುದು. ದೊಡ್ಡವರು ಹೇಳಿದ್ದನ್ನು ಹೇಳಿದ ಹಾಗೇ ಉಳಿಸಿಕೊಂಡ ಮನೆತನ ಯಾವುದಿದೆ, ತೋರಿಸಿ. ನಮ್ಮ ಲೋ ನದಿಯ ದಂಡೆಯ ಅರಮನೆಯಲ್ಲಿ ಎಂಟುನೂರು ವರ್ಷ ಹಿರಿಯರ ಮಾತಿಗೆ ತೇಪೆ ಹಾಕಿ ಹಾಕಿ ಕೊನೆಗೆ ಬಟ್ಟೆಗಿಂತ ತೇಪೆಯೇ ಹೆಚ್ಚಾಗಿತ್ತು. ಈಗ ಹೇಳುವುದು ಮಾತ್ರ ತೇಪೆಯಿಲ್ಲದ ಸತ್ಯ, ನಡೆದದ್ದು ನಡೆದ ಹಾಗೆ. ಸುಳ್ಳಾದರೆ ಈ ಕಥೆ ಮುಗಿಯುವುದರೊಳಗೆ ನನಗೆ ಕೆಮ್ಮು ಹತ್ತಲಿ.

ಆ ದಿನ ಬೆಳಗಿನಿಂದ ಪಾನ್ ತನ್ನ ಅಜ್ಜನಾಗುತ್ತಿದ್ದ. ಪೂರ್ತಿ ಇನ್ನೂ ಆಗಿರಲಿಲ್ಲ, ಮೊಣಕಾಲಿನವರೆಗೆ ಆಗಿದ್ದ. ಅದರ ಕೆಳಗೆ ಹತ್ತು ವರ್ಷದ ಎರಡು ಬರಿಗಾಲು ಚಳಿಗೆ ಒಂದರ ಮೇಲೊಂದು ಹತ್ತುತ್ತಿದ್ದವು. ದಾದಿ ಮೆಂಗ್ ಸತ್ತ ದೊರೆಯ ಕಪ್ಪು ರೇಷ್ಮೆಯ ನಿಲುವಂಗಿಯನ್ನು ಅವನಿಗೆ ಹೊದಿಸಿ, ಎಡದ ಅಂಚನ್ನು ಬಲಕ್ಕೆಳೆದು, ಸೊಂಟದಲ್ಲಿ ಮಡಿಚಿ ಮಡಿಚಿ ಒಳಗಿಂದ ಹೊಲಿಗೆ ಹಾಕುತ್ತಿದ್ದಳು. "ಅಲ್ಲಾಡ್ಬೇಡಿ ಸಣ್ಣಬುದ್ಧಿ, ಸೂಜಿ ಚುಚ್ಚುತ್ತೆ," ಎಂದಳು. ಅರಮನೆಯಲ್ಲಿ ಅಪ್ಪ ದೊಡ್ಡಬುದ್ಧಿ, ಅವನು ಸಣ್ಣಬುದ್ಧಿ. ಆ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳಲು ಪಾನ್ ಹುಟ್ಟಿದಾಗಿನಿಂದ ಕೈಲಾದದ್ದನ್ನು ಮಾಡುತ್ತಲೇ ಬಂದಿದ್ದ. ನಿಲುವಂಗಿಯ ಒಳಗೆ ಬೇರೆ ಹವೆ ಇತ್ತು. ಶುಂಠಿಯ ವಾಸನೆ, ಮುಚ್ಚಿದ ಪೆಟ್ಟಿಗೆಯ ವಾಸನೆ, ಮುದುಕರ ಕಂಕುಳ ವಾಸನೆ. ತೋಳು ಉದ್ದವಾಗಿ ಕೈ ಎಲ್ಲೋ ಒಳಗೆ ಕಳೆದುಹೋಗಿತ್ತು. ಕೈಯನ್ನು ಹುಡುಕುತ್ತ ಹೋದ ಬೆರಳಿಗೆ ತೋಳಿನ ಮಡಿಕೆಯಲ್ಲಿ ಗಟ್ಟಿಯಾದದ್ದೊಂದು ಸಿಕ್ಕಿತು. ಬೋರೆ ಹಣ್ಣಿನ ಬೀಜ. ಅಜ್ಜ ಚೀಪಿ ಚೀಪಿ ನುಣುಪು ಮಾಡಿ, ಉಗಿಯಲು ಜಾಗ ಕಾಣದೆ ತೋಳಿಗೆ ಸೇರಿಸಿಬಿಟ್ಟಿರಬೇಕು. ದಾದಿಗೆ ಕಾಣದಂತೆ ಪಾನ್ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಮೂರು ವರ್ಷ ಕತ್ತಲಲ್ಲಿದ್ದ ಬೀಜ ಬೆಚ್ಚಗಿತ್ತು, ಅಥವಾ ಹಾಗೆಂದು ಅನ್ನಿಸಿತು.

ಸತ್ತ ಹಿರಿಯರಿಗೆ ಎಡೆಯಿಡುವ ದಿನ ಅವರ ಚಾಪೆಯ ಮೇಲೆ ಅವರ ಮೊಮ್ಮಗ ಕೂರಬೇಕು. ಮಗ ಕೂರುವಂತಿಲ್ಲ. ಮೊಮ್ಮಗ ಅವರ ಬಟ್ಟೆ ತೊಟ್ಟು, ಅವರ ಪಾಲಿನ ಅನ್ನ ಉಂಡು, ಅವರ ಪಾಲಿನ ಒಂಬತ್ತು ಬಟ್ಟಲು ಹೆಂಡ ಕುಡಿದು ಎದ್ದುಬರುವವರೆಗೂ ಅವನು ಅವನಲ್ಲ, ಅವರೇ. ಉಳಿದ ರಾಜ್ಯಗಳಲ್ಲಿ ಇದನ್ನು ಬಿಟ್ಟು ಎಷ್ಟೋ ತಲೆಮಾರಾಗಿತ್ತು; ಅಲ್ಲಿಯವರು ಮರದ ಹಲಗೆಯೊಂದರ ಮೇಲೆ ಹೆಸರು ಬರೆದು ಅದಕ್ಕೇ ಕೈಮುಗಿಯುತ್ತಿದ್ದರು. ಹಲಗೆಯಿಂದ ಅನುಕೂಲ ಬಹಳ. ಹಲಗೆ ಆಕಳಿಸುವುದಿಲ್ಲ, ಹಲಗೆಗೆ ಮಧ್ಯೆ ಉಚ್ಚೆಗೆ ಅವಸರವಾಗುವುದಿಲ್ಲ. ಆದರೆ ರಾಜ್ಯವೆಲ್ಲ ಕರಗಿ ಒಂದು ಊರು, ಒಂದು ಗೋಡೆ, ಗೋಡೆಯೊಳಗೊಬ್ಬ ದೊರೆ ಎಂಬಷ್ಟಕ್ಕೆ ಬಂದು ನಿಂತ ಈ ಮನೆಗೆ ಉಳಿದ ಆಸ್ತಿಯೆಂದರೆ ಹಳೆಯ ಪದ್ಧತಿಯೊಂದೇ. ಈ ಸಲ ಕೂರಲು ಮೊಮ್ಮಕ್ಕಳೆಂದು ಉಳಿದವರು ಇಬ್ಬರು: ಪಾನ್, ಮತ್ತೆ ಚಿಕ್ಕಪ್ಪ ಹುವೈಯ ಎರಡು ವರ್ಷದ ಕೂಸು. ಆಮೆಚಿಪ್ಪನ್ನು ಕಾಯಿಸಿ ಬಿರುಕಿನಲ್ಲಿ ಶಕುನ ನೋಡಿದವರು ಪಾನ್ ಎಂದರು. "ಕೂಸನ್ನ ಕೂರಿಸಿದ್ರೆ ಅಣ್ಣ ಅಡ್ಡಬೀಳೋ ಹೊತ್ತಿಗೆ ಸರಿಯಾಗಿ ಅಣ್ಣನ ನೆತ್ತಿ ಮೇಲೇ ಆಶೀರ್ವಾದ ಆಗ್ತಿತ್ತು," ಎಂದಿದ್ದ ಚಿಕ್ಕಪ್ಪ. ಎಲ್ಲರೂ ನಕ್ಕರು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಅವನ ದೊಡ್ಡ ಮಗ ಲಿನ್ ಇದ್ದಿದ್ದರೆ ಚಾಪೆ ಲಿನ್‌ನದಾಗುತ್ತಿತ್ತು.

ಲಿನ್ ಪಶ್ಚಿಮದ ಬಲಾಢ್ಯ ರಾಜ್ಯದವರ ಕೋಟೆಯಲ್ಲಿ ಒತ್ತೆಯಿದ್ದ. ಸ್ನೇಹದ ಗುರುತಿಗೆ ಎಂದು ಕರೆದುಕೊಂಡು ಹೋಗಿದ್ದರು. ಎರಡು ಚಳಿಗಾಲ ಕಳೆದರೂ ಅವನಿಂದ ಒಂದು ಸುದ್ದಿಯಿಲ್ಲ. ಈ ಬೇಸಿಗೆಯಲ್ಲಿ ಪಶ್ಚಿಮದ ದೂತ ಮತ್ತೆ ಬಂದಿದ್ದ. ಪ್ರತಿ ಮಾತಿನ ಕೊನೆಗೆ, ತಾನಾಡಿದ ಮಾತೇ ನಾರಿತು ಎಂಬಂತೆ, ಸೊರ್ ಎಂದು ಮೂಗೆಳೆಯುವ ದೂತ. ತಮ್ಮನ ಮಗ ಬಂದಾಯಿತು, ಸೊರ್, ಇನ್ನು ದೊರೆಯ ಮಗನೇ ಬಂದರೆ ಸ್ನೇಹ ಗಟ್ಟಿ, ಸೊರ್. ಸುಗ್ಗಿ ಮುಗಿದ ಮೇಲೆ ಗಾಡಿ ಕಳಿಸುತ್ತೇವೆ, ಸೊರ್. ಅವನು ಹೋದ ಸಂಜೆಯೇ ಪಾನ್ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ದೂತನನ್ನು ಆಡಿ ತೋರಿಸಿದ. ಸೌಟು ಹಿಡಿದವರು, ಸೊಪ್ಪು ಬಿಡಿಸುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, ಗಾಡಿ ಬರುವುದು ತನಗಾಗಿಯೇ ಎಂದು ಅವನಿಗೆ ಹೊಳೆಯಿತು. ಅವನ ಬಾಯಿ ಅವನಿಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ ಇರುತ್ತಿತ್ತು.

ಅವನು ಯಾರನ್ನು ಬೇಕಾದರೂ ಆಡಿ ತೋರಿಸುತ್ತಿದ್ದ. ಗುಡಿಯಲ್ಲಿ ಹಿರಿಯರ ಪರವಾಗಿ ಮಾತು ಓದುವ ಮುದುಕ ಗುವೊನ ಮುರಿದ ಹಲ್ಲಿನಿಂದ ಬರುವ ಸಿಳ್ಳೆ. ಸೈನ್ಯ ಎಂಬ ಮಾತು ಬಂದೊಡನೆ ಅಪ್ಪ ಉಗುರು ನೋಡಿಕೊಳ್ಳುವ ರೀತಿ. ಒಮ್ಮೆ ಚಿಕ್ಕಪ್ಪ ಅವನನ್ನು ಕುದುರೆ ಲಾಯದ ಹಿಂದೆ ಕರೆದು, ಆ ಕಡೆ ಈ ಕಡೆ ನೋಡಿ, "ಒಂದೇ ಒಂದ್ ಸಲ ಲಿನ್ ಥರ ಕರಿಯೋ," ಎಂದಿದ್ದ. ಪಾನ್ ಲಿನ್‌ನ ಒಡೆಯುತ್ತಿದ್ದ ದನಿಯಲ್ಲಿ "ಅಪ್ಪಯ್ಯಾ, ಕುದುರೆಗೆ ನೀರು ಕುಡ್ಸಿದ್ದಾಯ್ತು," ಎಂದ. ಚಿಕ್ಕಪ್ಪ ಕುದುರೆಯ ಕಡೆಗೇ ತಿರುಗಿ ಬಹಳ ಹೊತ್ತು ನಿಂತ. ಆಮೇಲೆ ಒಂದು ಪೀಚ್ ಹಣ್ಣು ಕೊಟ್ಟು ಹೊರಟುಹೋದ. ಆ ಹಣ್ಣನ್ನು ತಿನ್ನಲು ಪಾನ್‌ಗೆ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ದಿಂಬಿನ ಕೆಳಗಿಟ್ಟ ಹಣ್ಣು ಕೊಳೆತು, ದಾದಿಯಿಂದ ಬೈಗುಳ ತಿಂದ. ಅಜ್ಜನನ್ನಂತೂ ಅವನು ಅಂಗಾಲಿನಿಂದ ಆಡುತ್ತಿದ್ದ. ಹೆಜ್ಜೆಯಿಡುವ ಮುಂಚೆ ನೆಲವನ್ನು ಕೇಳಿಕೊಳ್ಳುವಂಥ ನಡಿಗೆ. ಆ ಕೆಮ್ಮು: ಎರಡು ಸಣ್ಣವು, ಮೆಟ್ಟಿಲು ಹತ್ತಿದ ಹಾಗೆ, ಮೂರನೆಯದು ದೊಡ್ಡದು, ಬಾಗಿಲು ತಳ್ಳಿದ ಹಾಗೆ, ಆಮೇಲೆ ಒಳಗಿದ್ದವರು ಏನೋ ಕೇಳಿದರೆಂಬಂತೆ "ಹ್ಞೂಂ?" ಒಂದು ಮಾತ್ರ ಬರುತ್ತಿರಲಿಲ್ಲ. ಅಜ್ಜನ ನಗು. ಅಜ್ಜ ನಕ್ಕದ್ದನ್ನು ಅವನು ಎರಡೇ ಸಲ ಕೇಳಿದ್ದ. ಒಮ್ಮೆ ಆಸ್ಥಾನಕ್ಕೆ ಕಾಗೆಯೊಂದು ನುಗ್ಗಿ ಮಂತ್ರಿಯ ಟೋಪಿಯ ಮೇಲೆ ಕೂತಾಗ. ಇನ್ನೊಮ್ಮೆ ಯಾತಕ್ಕೆಂದು ತಿಳಿಯದೆ, ಗೋಡೆಯಾಚೆಯಿಂದ. ಯಾವುದೋ ದೊಡ್ಡ ಗಡಿಗೆ ಒಂದೊಂದೇ ಮೆಟ್ಟಿಲು ಉರುಳಿ ಬಂದು, ಒಡೆಯದೆ ಕೆಳಗೆ ನಿಂತ ಹಾಗಿನ ನಗು. ತೋಟದಲ್ಲಿ ಒಬ್ಬನೇ ನಿಂತು ಎಷ್ಟು ಸಲ ಪ್ರಯತ್ನಪಟ್ಟರೂ ಬಾಯಿಂದ ಬಾತುಕೋಳಿ ಬರುತ್ತಿತ್ತು.

"ನಿನ್ನೆ ಅಪ್ಪಾವ್ರು ಏನಂದ್ರು?" ದಾದಿ ಹಲ್ಲಿನಿಂದ ದಾರ ಕಡಿದಳು.

"ಅಜ್ಜನನ್ನ ಕೇಳೋಣ ಅಂದ್ರು."

"ಏನಂತ?"

"ನನ್ನ ಕಳಿಸ್ಬೇಕೋ ಬೇಡ್ವೋ ಅಂತ."

ದಾದಿಯ ಕೈ ನಿಂತಿತು. ಉಪವಾಸದ ಕೋಣೆಗೆ ಅಪ್ಪ ಬಂದದ್ದು ನಿನ್ನೆಯೋ ಮೊನ್ನೆಯೋ, ಚಾಪೆಯ ಮೇಲೆ ಕೂರುವವರ ಮೂರು ದಿನದ ಉಪವಾಸದಲ್ಲಿ ದಿನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಪ್ಪ ಅವನ ಮುಂದೆ ಕೂತು ತಾನೇ ಅವನ ತಲೆ ಬಾಚಿದ. ಬಾಚಲು ಬರುತ್ತಿರಲಿಲ್ಲ, ಗಂಟಿನಲ್ಲಿ ಬಾಚಣಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. "ನೋವಾಯ್ತೇನೋ," ಎಂದ. "ಇಲ್ಲ," ಎಂದ ಪಾನ್. "ನಾನಾಗಿ ಕಳಿಸ್ತಿಲ್ಲ ಕಂದಾ. ಕಳಿಸ್ದೇ ಇರಕ್ಕೂ ನನ್ ಕೈಲಾಗಲ್ಲ. ಅಪ್ಪನನ್ನ ಕೇಳ್ತೀನಿ. ಅವ್ರು ಹೇಳಿದ್ ಹಾಗೆ." ಹಿರಿಯರನ್ನು ಕೇಳಿದಾಗ ಅವರು ಸುಮ್ಮನಿದ್ದರೆ ಒಪ್ಪಿದಂತೆ, ಅವರು ಯಾವಾಗಲೂ ಸುಮ್ಮನೇ ಇರುತ್ತಾರೆ. ಉತ್ತರ ಹೇಳಬೇಕಾದ ಬಾಯಿಯ ತಲೆಯನ್ನೇ ತಾನು ಬಾಚುತ್ತಿದ್ದೇನೆ ಎಂಬುದು ಅಪ್ಪನಿಗೆ ಹೊಳೆದಂತೆ ಕಾಣಲಿಲ್ಲ. ಹೊಳೆದೇ ಬಂದಿದ್ದನೋ? ಪಾನ್ ಅವನ ಮುಖ ನೋಡಿದ. ಅಪ್ಪ ಉಗುರು ನೋಡಿಕೊಳ್ಳುತ್ತಿದ್ದ.

"ಹಾಗಾದ್ರೆ ಇನ್ನೇನು ಯೋಚ್ನೆ," ದಾದಿ ಅವನ ಕಿವಿಯ ಹತ್ತಿರ ಬಂದಳು. "ಇವತ್ತು ನೀವೇ ಅಜ್ಜ. ನಮ್ ಪಾನ್ ಇಲ್ಲೇ ಇರ್ಲಿ ಅಂತ ಒಂದ್ ಮಾತು, ಅವ್ರ ದನೀಲೇ ಹೇಳ್ಬಿಡಿ. ಹಿರಿಯರ ಮಾತು ಯಾರ್ ಮೀರ್ತಾರೆ? ಅಡುಗೆಮನೇಲಿ ಆಡಿದ್ದು ಸಾಲ್ದೇ, ಒಂದ್ ಸಲ ಉಪಯೋಗಕ್ ಬರೋ ಕಡೆ ಆಡಿ."

ಗುಡಿಯ ದಾರಿಯಲ್ಲಿ ಗುವೊ ಅವನ ತೋಳಿನ ತುದಿ ಹಿಡಿದು ನಡೆಸಿದ. ಇಬ್ಬನಿ ಇನ್ನೂ ಆರಿರಲಿಲ್ಲ. ಮುದುಕ ಮುಂದೆ, ತಾನು ಹಿಂದೆ. ಆದರೆ ನೆರಳಿನಲ್ಲಿ ತಾನೇ ದೊಡ್ಡವನು, ನಿಲುವಂಗಿಯ ನೆರಳು ಮುದುಕನನ್ನು ದಾಟಿ ಗೋಡೆ ಹತ್ತಿತ್ತು. "ಎರಡೇ ಮಾತು ಬುದ್ಧಿ," ಗುವೊನ ಹಲ್ಲು ಸಿಳ್ಳೆ ಹಾಕಿತು. "ಎಡೆ ಬಾಯಿಗಿಟ್ಟ ಮೇಲೆ ಏನು?"

"ರುಚಿಯಾಗಿದೆ."

"ಅವ್ರು ಇನ್ನೂ ಬಡಿಸಕ್ ಬಂದ್ರೆ?"

"ಸಾಕು, ತುಂಬಿತು."

"ಅಷ್ಟೇ. ಮೂರನೇ ಮಾತು ನಮ್ ಅಜ್ಜನ ಕಾಲದಿಂದ ಯಾರೂ ಆಡಿಲ್ಲ. ಮಿಕ್ಕಿದ್ದನ್ನ ನಾನು ಓದ್ತೀನಿ. ನಗು ಬಂದ್ರೆ ನಾಲಿಗೆ ಕಚ್ಕೊಳಿ."

ಗುಡಿಯ ಬಾಗಿಲಲ್ಲಿ ಚಿಕ್ಕಪ್ಪ ಹುವೈ ನಿಂತಿದ್ದ. ಅಪ್ಪ ಹೊರಗೆ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ. ಹೊಸ್ತಿಲ ಹೊರಗೆ ಪಾನ್ ಮಗ, ಒಳಗೆ ಅಪ್ಪನಿಗೇ ಅಪ್ಪ. ಹೊರಗೆ ಎದುರುಗೊಂಡು ಕೈಮುಗಿದರೆ ದೊರೆ ಮಗನಿಗೆ ಮುಗಿದಂತಾಗುತ್ತದೆ. ಚಿಕ್ಕಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ, ಕಾಲಿನ ಆಚೆಗೂ ಹರಡಿದ್ದ ರೇಷ್ಮೆಯವರೆಗೆ ನೋಡಿದ. "ಏನು ಮಹಾಸ್ವಾಮಿ, ಸತ್ ಮೇಲೆ ಸ್ವಲ್ಪ ಕುಗ್ಗಿದೀರಿ," ಎಂದ. ಆಮೇಲೆ ಬಗ್ಗಿ, ಬಟ್ಟೆ ಸರಿಮಾಡುವವನ ಹಾಗೆ, ಪಿಸುಮಾತಿನಲ್ಲಿ ಹೇಳಿದ: "ನಿನ್ ಬಾಯಿ ನಂಗೊತ್ತು ಪಾನ್. ಒಳಗೆ ಏನ್ ಆಡ್ತೀಯೋ ಆಡು. ಲಿನ್ ಹೋಗೋ ದಿನ ಅವ್ನಿಗೆ ಆಡೋಕೆ ಯಾರ್ ದನೀನೂ ಇರ್ಲಿಲ್ಲ. ಅಷ್ಟೇ." ಬಯ್ದ ಹಾಗಿರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಒಳಗೆ ಹೊಗೆ. ಮಾಚಿಪತ್ರೆಯನ್ನು ಕೊಬ್ಬಿನಲ್ಲಿ ಅದ್ದಿ ಸುಡುತ್ತಿದ್ದರು. ವಾಸನೆ ಹಿಡಿದುಕೊಂಡು ಹಿರಿಯರು ದಾರಿ ಕಂಡು ಬರಲೆಂದು. ಕಣ್ಣು ಉರಿದು, ಕಂಬಗಳು ನೀರಿನಲ್ಲಿ ನಿಂತ ಹಾಗೆ ಅಲುಗಿದವು. ಅವನನ್ನು ಚಾಪೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಕೂರಿಸಿದರು. "ನೆಮ್ಮದಿಯಾಗಿ ಕೂರಬೇಕು," ಎಂದು ಗುವೊ ಹಾಡಿದ. ಆ ಮಾತು ಕೇಳುವವರೆಗೆ ಹೇಗೋ ಕೂತಿದ್ದವನಿಗೆ ಕೇಳಿದ ಮೇಲೆ ಮೈಯೆಲ್ಲ ಕಡಿತ ಶುರುವಾಯಿತು. ಎಡೆಯ ಪಾತ್ರೆಗಳು ಹೊಳೆಯುತ್ತಿದ್ದವು. ಕಂಚಿನವಲ್ಲ, ಕಂಚಿನವನ್ನು ಜೋಪಾನ ಮಾಡುತ್ತೇವೆಂದು ಪಶ್ಚಿಮದವರು ಹೊತ್ತುಕೊಂಡು ಹೋಗಿದ್ದರು. ಇವು ಬಣ್ಣ ಬಳಿದ ಮಣ್ಣಿನವು, ಹೆಣದ ಜೊತೆ ಹೂಳುವುದಕ್ಕೆ ಮಾಡುವಂಥವು. ಸತ್ತವರಿಗೆ ತಾನೇ, ನಡೆಯುತ್ತದೆ ಎಂದು ಯಾರೋ ಸಮಾಧಾನ ಹೇಳಿದ್ದರು. ತೂಗುಹಾಕಿದ ಹದಿನಾರು ಗಂಟೆಗಳಲ್ಲಿ ಐದು ಇರಲಿಲ್ಲ. ವಾದ್ಯದ ಮುದುಕ ಇದ್ದವನ್ನು ಬಾರಿಸುತ್ತ, ಇಲ್ಲದ ಗಂಟೆ ಬಂದ ಕಡೆ ತಾನೇ ಬಾಯಲ್ಲಿ "ಞಂ" ಎನ್ನುತ್ತಿದ್ದ. ಢಣ್, ಢಣ್, ಞಂ, ಢಣ್. ಬೇರೆ ದಿನವಾಗಿದ್ದರೆ ಇದನ್ನು ಸಂಜೆ ಅಡುಗೆಮನೆಯಲ್ಲಿ ಆಡಬಹುದಿತ್ತು. ಇವತ್ತು ಮುದುಕನ ಗಂಟಲಿನಲ್ಲಿ ಇಲ್ಲದ ಗಂಟೆಯೇ ಉಳಿದವಕ್ಕಿಂತ ಚೆನ್ನಾಗಿ ಕೇಳಿಸಿತು.

ಅಪ್ಪ ಬಂದ. ಕಿರೀಟದ ಮುಂದೆ ತೂಗುವ ಮುತ್ತಿನ ಸರಗಳಲ್ಲಿ ಮುತ್ತು ಉದುರಿದಲ್ಲೆಲ್ಲ ತಾವರೆ ಬೀಜ ಪೋಣಿಸಿದ್ದರು. ಅಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು ನೆಲಕ್ಕೆ ಹಣೆ ಮುಟ್ಟಿಸಿದ. ಪಾನ್‌ಗೆ ಅಪ್ಪನ ಕತ್ತಿನ ಹಿಂಭಾಗ ಕಂಡಿತು. ಅದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಕೊರಳಪಟ್ಟಿ ಉಜ್ಜಿ ಕೆಂಪಾದ ಒಂದು ಪಟ್ಟೆ, ಅದರ ಕೆಳಗೆ ಎಳೆಯ ಮಕ್ಕಳಿಗಿರುವಂಥ ನವಿರು ಕೂದಲು. ಇದನ್ನು ನೋಡಬಾರದಿತ್ತು ಅನ್ನಿಸಿತು. ಆದರೆ ಅಜ್ಜ ಇದನ್ನು ಎಷ್ಟು ಸಲ ನೋಡಿರಬೇಕು! ಹೆಂಡ ಬರಗಿನದು, ನೀರು ಬೆರೆಸಿದ್ದು, ಆದರೂ ಮೂರು ದಿನದ ಖಾಲಿ ಹೊಟ್ಟೆಗೆ ಬೆಂಕಿಯ ಹಾಗೆ ಇಳಿಯಿತು. ನವಣೆ ಅನ್ನ, ಬೇಯಿಸಿದ ಮಾಂಸದ ತುಣುಕು. "ರುಚಿಯಾಗಿದೆ." ಅದು ಯಾರ ದನಿಯಲ್ಲಿ ಬಂತೋ ಅವನಿಗೇ ತಿಳಿಯಲಿಲ್ಲ. ಎರಡನೆಯ ಬಟ್ಟಲು, ಮೂರನೆಯದು. ಪ್ರತಿ ಬಟ್ಟಲಿಗೂ ಅಪ್ಪ ಅಡ್ಡಬೀಳುತ್ತಿದ್ದ, ಪ್ರತಿ ಸಲವೂ ಏಳುವುದು ಸ್ವಲ್ಪ ತಡವಾಗುತ್ತಿತ್ತು, ಕತ್ತು ಪ್ರತಿ ಸಲವೂ ಸ್ವಲ್ಪ ಚಿಕ್ಕದಾಗುತ್ತಿತ್ತು. ಐದನೆಯದರ ಹೊತ್ತಿಗೆ ಅಪ್ಪ ತನಗಿಂತ ಸಣ್ಣವನಾಗಿದ್ದ. ಹೊಗೆಯ ನಡುವೆ ಬಟ್ಟಲು ಹಿಡಿದು ಬರುವ ಈ ಚಿಕ್ಕ ಹುಡುಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಮೂಗು ಒರೆಸಬೇಕು ಅನ್ನಿಸಿತು. ತೋಳಿನೊಳಗೆ ಬೋರೆ ಬೀಜ ಒದ್ದೆಯಾಗಿತ್ತು. "ಸಾಕು, ತುಂಬಿತು." ಎರಡೂ ಮಾತು ಮುಗಿದವು. ಇನ್ನು ಉಳಿದದ್ದು ಮೂರನೆಯದು.

ಇದೇ ನಿಲುವಂಗಿಯನ್ನು ಹಿಡಿದು ಮೂರು ವರ್ಷದ ಹಿಂದೆ ಅರಮನೆಯ ಮಾಡಿನ ಮೇಲೆ ಹತ್ತಿದ್ದರು. ಉಸಿರು ಹೋದೊಡನೆ ಸತ್ತವರ ಬಟ್ಟೆ ಬೀಸಿ ಉತ್ತರಕ್ಕೆ ಮುಖಮಾಡಿ ಮೂರು ಸಲ ಕೂಗಬೇಕು, ವಾಪಸ್ ಬಾ ಎಂದು. ಬೇಗ ಕೂಗಿದರೆ ಕೆಲವರು ಬರುತ್ತಾರಂತೆ. ಅಜ್ಜನಿಗೆ ಕೂಗಿದ್ದು ತಡವಾಯಿತು. ಯಾಕೆಂದರೆ ಯಾರಿಗೂ ಗೊತ್ತಾಗಿರಲಿಲ್ಲ. ಮಧ್ಯಾಹ್ನ, ಅಪ್ಪ ಹೊರಗಿನ ಕೋಣೆಯಲ್ಲಿದ್ದ, ಪರದೆಯ ಒಳಗೆ ಅಜ್ಜ, ಮಂಚದ ಹತ್ತಿರ ಏಳು ವರ್ಷದ ಪಾನ್. ಮೆಟ್ಟಿಲು, ಮೆಟ್ಟಿಲು, ಬಾಗಿಲು, ಹ್ಞೂಂ? ಎಲ್ಲರಿಗೂ ಕೆಮ್ಮು ಕೇಳುತ್ತಲೇ ಇತ್ತು. ಕೆಮ್ಮುತ್ತಿದ್ದದ್ದು ಪಾನ್. ಬಿಸಿಲಿನ ಚೌಕ ಮಂಚದ ಕಾಲಿನಿಂದ ಗೋಡೆಯವರೆಗೆ ಸರಿಯುವಷ್ಟು ಹೊತ್ತು, ಗಂಟಲು ಕೆರೆದು ರಕ್ತದ ರುಚಿ ಬರುವವರೆಗೆ ಅವನು ಕೆಮ್ಮಿದ. ಆಮೇಲೆ ಅಜ್ಜನ ಕೈ ಮುಟ್ಟಿದಾಗ ಅದು ತಣ್ಣಗಿತ್ತು. ಅಜ್ಜನೇ ಹೇಳಿದ್ದು. "ನಂಗೆ ಸುಸ್ತಾಗಿದೆ ಮರೀ, ಸ್ವಲ್ಪ ಹೊತ್ತು ನೀನು ಕೆಮ್ಮು. ನಿಲ್ಸಿದ್ರೆ ಅವ್ರೆಲ್ಲ ಕರಡಿ ಪಿತ್ತದ ಕಷಾಯ ತಗೊಂಡು ಓಡಿ ಬರ್ತಾರೆ." ಹೌದು, ಅಜ್ಜ ಹೇಳಿದ್ದು. ಹೇಳಿದ್ದು ಹೌದೋ? ಮೂರು ವರ್ಷದಲ್ಲಿ ಆ ಮಾತನ್ನು ಅವನು ತನ್ನೊಳಗೆ ಅಜ್ಜನ ದನಿಯಲ್ಲಿ ಎಷ್ಟು ಸಲ ಆಡಿಕೊಂಡಿದ್ದನೆಂದರೆ, ಅದು ಅಜ್ಜನ ಬಾಯಿಂದ ಬಂದದ್ದೋ ತಾನೇ ಅಜ್ಜನ ಬಾಯಿಗೆ ಹಾಕಿದ್ದೋ ಈಗ ಬೇರೆ ಮಾಡಲು ಬರುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಂಬುವವರು ಯಾರು? ಊರಿಗೆಲ್ಲ ಗೊತ್ತು, ಆ ಹುಡುಗ ಯಾರ ದನಿಯನ್ನಾದರೂ ಆಡುತ್ತಾನೆ.

ಏಳನೆಯ ಬಟ್ಟಲು. ಗುವೊ ಬಿದಿರ ಪಟ್ಟಿಗಳನ್ನು ಬಿಚ್ಚಿ ಓದಿದ: ನಿಮ್ಮ ಅಯೋಗ್ಯ ಮಗ ಕೇಳಿಕೊಳ್ಳುತ್ತಾನೆ, ಪಶ್ಚಿಮದವರು ನಿಮ್ಮ ಮೊಮ್ಮಗ ಪಾನ್‌ನನ್ನು ಬೇಡುತ್ತಿದ್ದಾರೆ, ಕಳಿಸುವುದು ನಿಮಗೆ ಒಪ್ಪಿಗೆಯೇ. ಗಂಟೆಗಳು ನಿಂತವು. ಎಲ್ಲರ ಹಣೆಯೂ ನೆಲದ ಮೇಲೆ. ಅಪ್ಪ ಮುಂದೆ, ಚಿಕ್ಕಪ್ಪ ಅವನ ಹಿಂದೆ. ಮೂರನೆಯ ಮಾತನ್ನು ಪಾನ್ ನಾಲಿಗೆಯ ಮೇಲೆ ತಂದಿಟ್ಟುಕೊಂಡ. ಪಾನ್ ಇಲ್ಲೇ ಇರಲಿ. ಅಜ್ಜನ ದನಿ ಹೊಟ್ಟೆಯ ಕೆಳಗಿನಿಂದ ಎದ್ದು ಬರಬೇಕು, ಎದೆಯ ಹತ್ತಿರ ಒಂದು ಗಳಿಗೆ ನಿಂತು ದಾರಿ ಕೇಳಬೇಕು. ಬಂತು. ಹೊಗೆಯೂ ಹೆಂಡವೂ ಅದರ ಜೊತೆ ಏರಿದವು. ಬಾಯಿ ತೆರೆದ. ಮೆಟ್ಟಿಲು, ಮೆಟ್ಟಿಲು, ಬಾಗಿಲು.

"ಹ್ಞೂಂ?"

ಗುವೊನ ಕೈಯಿಂದ ಬಿದಿರ ಪಟ್ಟಿ ಜಾರಿ ಬಿತ್ತು.  ಅಪ್ಪ ಹಣೆಯೆತ್ತದೆ, ನೆಲಕ್ಕೇ ಹೇಳುವವನ ಹಾಗೆ, "ಅಪ್ಪಾ," ಎಂದ. ಆ ದನಿಯನ್ನು ಪಾನ್ ಎಂದೂ ಕೇಳಿರಲಿಲ್ಲ, ಆಡಿಯೂ ಇರಲಿಲ್ಲ. "ಅವತ್ತು ನೀವು ಕೆಮ್ತಿದ್ದದ್ದು ನಂಗೆ ಕೇಳಿಸ್ತಿತ್ತು. ಅಷ್ಟು ಹೊತ್ತು ಕೇಳಿಸ್ತು. ಒಳಗೆ ಬರ್ಬೇಕು ಅಂತ ಎದ್ದೆ ಕೂಡ. ಆಮೇಲೆ, ಕೆಮ್ತಾ ಇದಾರಲ್ಲ, ಇದಾರಲ್ಲ ಅಂದ್ಕೊಂಡು ಕೂತ್ಬಿಟ್ಟೆ. ನಿಮ್ ಮುಖ ನೋಡಕ್ಕೆ ಹೆದ್ರಿಕೆ ಆಗ್ತಿತ್ತು. ನೀವು ಒಳಗೆ ಕರೀತಿದ್ರಿ, ನಾನು ಹೊರಗೆ ಉಗುರು ನೋಡ್ಕೊಂಡು ಕೂತಿದ್ದೆ. ಮೂರು ವರ್ಷದಿಂದ ನಂಗೆ ಅದೇ ಕೆಮ್ಮು. ನಿಮ್ಗೆ ಸಿಟ್ಟಿದ್ರೆ ನನ್ ಮೇಲಿರ್ಲಿ. ಹುಡುಗನ್ನ ಏನ್ಮಾಡ್ಲಿ ಹೇಳಿ. ಇಟ್ಕೋ ಅಂದ್ರೆ ಇಟ್ಕೋತೀನಿ, ಗೋಡೆ ಬಿದ್ರೂ ಇಟ್ಕೋತೀನಿ."

ಹಾಗಾದರೆ ಆ ಕೆಮ್ಮನ್ನು ತಾನೊಬ್ಬನೇ ಹೊತ್ತಿರಲಿಲ್ಲ. ಅಪ್ಪನೂ ಹೊತ್ತಿದ್ದ, ಅದು ತನ್ನದಲ್ಲವೆಂದು ತಿಳಿಯದೆ ಹೊತ್ತಿದ್ದ. ಈಗ ಒಂದು ಮಾತು ಸಾಕಿತ್ತು. ಇಟ್ಟುಕೋ ಎಂದರೆ ಅಪ್ಪ ಇಟ್ಟುಕೊಳ್ಳುತ್ತಾನೆ. ಪಶ್ಚಿಮದವರು ಬರುತ್ತಾರೆ, ಗೋಡೆ ಬೀಳುತ್ತದೆ, ಆದರೂ ಇಟ್ಟುಕೊಳ್ಳುತ್ತಾನೆ. ಎದುರಿಗೆ ಆ ಕೆಂಪು ಪಟ್ಟೆಯ ಕತ್ತು. ಅದರ ಹಿಂದೆ ಚಿಕ್ಕಪ್ಪನ ಬೆನ್ನು. ಅದೂ ಕೇಳುತ್ತಿತ್ತು, ಕುದುರೆಯ ಕಡೆಗೆ ತಿರುಗಿ ನಿಂತ ದಿನದ ಹಾಗೆ. ಪೀಚ್ ಹಣ್ಣಿನ ಕೊಳೆತ ಸಿಹಿ ಎಲ್ಲಿಂದಲೋ ಬಂತು. ಪಾನ್ ಬೋರೆ ಬೀಜವನ್ನು ಅಂಗೈಯಲ್ಲಿ ಒತ್ತಿಕೊಂಡ. ಅಪ್ಪನನ್ನು ಅಜ್ಜ ಮುದ್ದಿಗೆ ಕರೆಯುತ್ತಿದ್ದ ಹೆಸರು, ಪರದೆಯೊಳಗೆ ಮಾತ್ರ ಕರೆಯುತ್ತಿದ್ದದ್ದು, ತಾನಾಗಿ ಬಾಯಿಗೆ ಬಂತು.

"ಲೋ ಗೂಬೆ," ಎಂದಿತು ಅಜ್ಜನ ದನಿ. "ಕಳ್ಸು ಅವನ್ನ. ಲಿನ್ ಅಲ್ಲಿ ಒಬ್ನೇ ಇದಾನೆ. ಇವನು ಹೋದ್ರೆ ನಮ್ಮೂರಿನ್ ದನಿ ಎಲ್ಲಾ ಅವನ ಹಿಂದೇನೇ ಹೋಗುತ್ತೆ, ಆ ಮಗೂಗೂ ಕೇಳಿಸ್ಲಿ."

ಚಿಕ್ಕಪ್ಪನ ಬೆನ್ನು ಒಂದು ಸಲ ಏರಿ ಇಳಿಯಿತು. 

"ಇನ್ನು ಆ ಕೆಮ್ಮು. ಅದು ನಾನಲ್ಲ ಕಣೋ. ಈ ಕೋತಿ. ಪರದೆ ಹಿಂದೆ ಕೂತ್ಕೊಂಡು ಗಂಟ್ಲು ಹರಿಯೋ ಹಾಗೆ ಕೆಮ್ತಿತ್ತು. ನಾನೇ ಹೇಳಿದ್ದು. ಕೆಮ್ಮು ನಿಂತ್ರೆ ನೀವೆಲ್ಲ ಆ ಕರಡಿ ಪಿತ್ತ ಹಿಡ್ಕೊಂಡು ಬರ್ತಿದ್ರಿ, ಮೂಗು ಹಿಡ್ದು ಕುಡಿಸ್ತಿದ್ರಿ. ಒಂದ್ ದಿನ ಆದ್ರೂ ಬಾಯಿ ಕಹಿ ಆಗ್ದೆ ಮಲಗ್ಬೇಕು ಅನ್ನಿಸ್ತು. ಮಲ್ಗಿದೆ. ನಿಮ್ಮನ್ನೆಲ್ಲ ಯಾಮಾರ್ಸಿ ಹೋದೆ ನೋಡು. ಬೋರೆ ಹಣ್ಣು ಬಾಯಲ್ಲಿತ್ತು."

ಹೇಳಿ ಮುಗಿಸಿ ಪಾನ್ ಬಾಯಿ ಮುಚ್ಚಿದ. ತಾನು ಹಿಡಿದುಕೊಟ್ಟದ್ದು ತನ್ನನ್ನೇ, ಮತ್ತು ತಾನು ಕಳಿಸಿಕೊಟ್ಟದ್ದೂ ತನ್ನನ್ನೇ ಎಂಬುದು ಹೆಂಡದ ಆಚೆಯಿಂದ, ಬಹಳ ದೂರದಿಂದ ನಡೆದುಕೊಂಡು ಬರುತ್ತಿತ್ತು. ಅಪ್ಪ ಮೆಲ್ಲಗೆ ತಲೆಯೆತ್ತಿದ. ಕೂತ ಹಿರಿಯರ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು, ಅಪ್ಪ ನೋಡಿದ. ತಾವರೆ ಬೀಜದ ಸರಗಳು ಎರಡು ಪಾಲಾಗಿ, ನಡುವೆ ಒದ್ದೆ ಮುಖ. ನೋಡುತ್ತಿದ್ದದ್ದು ಮಗನನ್ನೋ ಅಪ್ಪನನ್ನೋ ಅವನಿಗೂ ತಿಳಿದಿದ್ದಂತಿರಲಿಲ್ಲ. ಪಾನ್ ತೋಳಿನೊಳಗಿಂ‍ದ ಕೈಯನ್ನು ಹುಡುಕಿ ತೆಗೆದು, ಅಂಗೈ ಬಿಚ್ಚಿ ತೋರಿಸಿದ. ಬೋರೆ ಬೀಜ.

ಮೊದಲು ಸದ್ದು ಬಂದದ್ದು ಗುವೊನ ಹಲ್ಲಿನಿಂದ, ಸಣ್ಣ ಸಿಳ್ಳೆ. ಮುದುಕ ನಾಲಿಗೆ ಕಚ್ಚಿಕೊಳ್ಳುವುದು ಮರೆತಿದ್ದ. ಆಮೇಲೆ ಚಿಕ್ಕಪ್ಪನ ಮೂಗಿನಿಂದ ಏನೋ ಹೊರಟಿತು, ಅಳುವಾಗಿ ಹೊರಟು ದಾರಿಯಲ್ಲಿ ಮನಸ್ಸು ಬದಲಾಯಿಸಿತು. ವಾದ್ಯದ ಮುದುಕ ಗಾಬರಿಯಲ್ಲಿ ಇಲ್ಲದ ಗಂಟೆಯನ್ನೇ ಬಾರಿಸಿದ, "ಞಂ." ಆಗ ಅಪ್ಪ ನಕ್ಕ. ಮೇಲಿನ ಮೆಟ್ಟಿಲಿನಿಂದ ದೊಡ್ಡ ಗಡಿಗೆಯೊಂದು ಹೊರಳಿತು, ಒಂದು ಮೆಟ್ಟಿಲು, ಇನ್ನೊಂದು, ಮತ್ತೊಂದು; ಪಾನ್ ಉಸಿರು ಬಿಗಿಹಿಡಿದ. ಅಜ್ಜನ ನಗು ಇಷ್ಟು ವರ್ಷ ಇಲ್ಲೇ ಇತ್ತು, ಅಪ್ಪನೊಳಗೆ, ಯಾರೂ ಅಲುಗಿಸದೆ ಇಟ್ಟ ಹಾಗೇ. "ಯಾಮಾರ್ಸಿದ್ರಲ್ಲಾ!" ಎಂದು ಅಪ್ಪ ನೆಲ ಬಡಿದ, "ಮೂರು ವರ್ಷ, ಇಬ್ರೂ ಸೇರ್ಕೊಂಡು!" ಎಂದ, ಕಿರೀಟ ಓರೆಯಾಗಿ ಬೀಜಗಳು ಪಟಪಟನೆ ಉದುರಿದವು. ಕೂತ ಹಿರಿಯರು ನಗುವಂತಿಲ್ಲ. ಪಾನ್ ನಾಲಿಗೆ ಕಚ್ಚಿ ಹಿಡಿದು, ಮೈಯೆಲ್ಲ ಕಿವಿಯಾಗಿ ಕೂತ: ಮೊದಲ ಉರುಳು ಎಲ್ಲಿಂದ ಏಳುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಒಡೆಯದೆ ಹೇಗೆ ನಿಲ್ಲಬೇಕು. ಪಶ್ಚಿಮಕ್ಕೆ ಗಾಡಿಯ ದಾರಿ ಹದಿನೆಂಟು ದಿನ, ಅಷ್ಟರಲ್ಲಿ ಕಲಿತುಬಿಡಬಹುದು. ಸುತ್ತ ಈಗ ಎಲ್ಲರೂ ನಗುತ್ತಿದ್ದರು, ಯಾತಕ್ಕೆಂದು ತಿಳಿಯದವರೂ ನಗುತ್ತಿದ್ದರು, ಮಣ್ಣಿನ ಪಾತ್ರೆಗಳು ಸಣ್ಣಗೆ ಗಿಲಕಿಯಾಡುತ್ತಿದ್ದವು. ಅವರೆಲ್ಲರ ಮೇಲೆ, ಹೊಗೆಯನ್ನೂ ಮಾಡನ್ನೂ ತಳ್ಳಿಕೊಂಡು, ಅಪ್ಪ ನಗುತ್ತಲೇ ಇದ್ದ.